ನೀರು ಪೂರ್ವಕ್ಕೆ, ಜನ ಪಶ್ಚಿಮಕ್ಕೆ: ಬೋರಘಾಟದ ಕತೆ

ಈ ವಾರದ ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯ ನೇರ ಮಾಡಿದೀನಿ, ಒಂದೆರಡು ಲೆಕ್ಕ ಬಿಡಿಸಿ ಬರೆದಿದೀನಿ. ಅಷ್ಟೇ ವ್ಯತ್ಯಾಸ.

ಇವತ್ತಿನ ವಿಷಯ ಒಂದು ಘಟ್ಟ. ಪುಣೆಯಿಂದ ಮುಂಬೈಗೆ ಹೋಗುವಾಗ ಲೋಣಾವಳ, ಖಂಡಾಳ ದಾಟಿದ ಮೇಲೆ ಬಸ್ಸು ಗಕ್ಕನೆ ಇಳಿಯೋಕೆ ಶುರು ಮಾಡುತ್ತಲ್ಲ, ಅದೇ ಬೋರಘಾಟ. ಅಲ್ಲಿ ನಾವು ಮಾಡೋದು ಎರಡೇ ಕೆಲಸ: ಮಳೆಗಾಲ ಆದ್ರೆ ಜಲಪಾತದ ಫೋಟೋ, ಬೇರೆ ಕಾಲದಲ್ಲಿ ಟ್ರಾಫಿಕ್ ಬಗ್ಗೆ ಗೊಣಗಾಟ. ಆದರೆ ಕನ್ನಡ ಮಾತಾಡುವ ಜನ ಎರಡು ಸಾವಿರ ವರ್ಷದಿಂದ ಈ ದಾರಿಯ ಜೊತೆ ಏನೇನು ಸಂಬಂಧ ಇಟ್ಕೊಂಡಿದ್ದಾರೆ ಅಂತ ನೋಡಿದ್ರೆ, ಇದು ಬರೀ ರಸ್ತೆಯ ಕತೆ ಅಲ್ಲ ಅನ್ನಿಸುತ್ತೆ. ಹೊರೆ ಯಾರು ಹೊತ್ತರು, ದಾಟಿದವರು ಯಾರು, ಹೆಸರು ಉಳಿದಿದ್ದು ಯಾರದು? ಈ ಮೂರು ಪ್ರಶ್ನೆ ಇಟ್ಟುಕೊಂಡು ಹೋಗೋಣ.

ಮೊದಲು ಸ್ವಾರಗೇಟ

ಕರ್ನಾಟಕದಿಂದ ರಸ್ತೆ ಮೇಲೆ ಪುಣೆಗೆ ಬರೋರಿಗೆ ಮೊದಲು ಗೊತ್ತಾಗೋ ಹೆಸರು ಸ್ವಾರಗೇಟ. ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ, ಕಾತ್ರಜ ಘಾಟ್ ಇಳಿದು, ಸಾತಾರಾ ರಸ್ತೆ ಹಿಡಿದು ನೇರ ಬಂದ್ರೆ ಜೇಧೆ ಚೌಕ. 'ಸ್ವಾರ' ಅಂದ್ರೆ ಕುದುರೆ ಸವಾರ. ಊರ ಹೊರಗಿನ ನಾಕೆಯಲ್ಲಿ ಸವಾರರ ಪಹರೆ ಇತ್ತು, ಅದಕ್ಕೇ ಈ ಹೆಸರು ಬಂತು ಅಂತ ಊರವರು ಹೇಳ್ತಾರೆ. ಇವತ್ತು ಅಲ್ಲಿ ಎಸ್‌ಟಿ ಸ್ಟ್ಯಾಂಡು, ನಗರ ಬಸ್ಸು, ಮೇಲ್ಸೇತುವೆ, 2024ರ ಸೆಪ್ಟೆಂಬರ್‌ನಿಂದ ನೆಲದಡಿಯ ಮೆಟ್ರೋ ಎಲ್ಲ ಒಂದೇ ಕಡೆ ಸೇರಿವೆ.

ಇಲ್ಲಿಂದ ದಾರಿ ಎರಡಾಗುತ್ತೆ. ಕೆಲವರು ಪುಣೆಯಲ್ಲೇ ನಿಲ್ತಾರೆ. ಇನ್ನು ಕೆಲವರು ಅಲ್ಲೇ ಬಸ್ಸು ಬದಲಿಸಿ ಮತ್ತೆ ಪಶ್ಚಿಮಕ್ಕೆ, ಠಾಣೆಗೋ ಬೋರಿವಲಿಗೋ ಹೋಗ್ತಾರೆ. ಪಶ್ಚಿಮಕ್ಕೆ ಹೋಗೋರೆಲ್ಲ ಬೋರಘಾಟ ಇಳಿಯಲೇಬೇಕು. ಒಂದು ಸಣ್ಣ ಎಚ್ಚರಿಕೆ: ಸ್ವಾರಗೇಟದಲ್ಲಿ 'ಭೋರ' ಅಂತ ಬೋರ್ಡ್ ಇರೋ ಬಸ್ಸೂ ಸಿಗುತ್ತೆ. ಅದು ಪುಣೆಯ ದಕ್ಷಿಣಕ್ಕಿರುವ ಭೋರ ಅನ್ನೋ ಊರಿಗೆ ಹೋಗೋದು. ಆ ಊರಿಗೂ ಈ ಘಾಟಿಗೂ ಸಂಬಂಧ ಇಲ್ಲ. ಇಂಗ್ಲಿಷಿನಲ್ಲಿ ಎರಡನ್ನೂ ಹೆಚ್ಚುಕಡಿಮೆ ಒಂದೇ ಥರ ಬರೆಯೋದರಿಂದ ಗೊಂದಲ ಆಗುತ್ತೆ.

ಒಂದೇ ಬದಿಯ ಗೋಡೆ

ಬೆಟ್ಟ ಅಂದ ತಕ್ಷಣ ನಮ್ಮ ಮನಸ್ಸಿಗೆ ಬರೋದು ಈ ಕಡೆಯಿಂದ ಹತ್ತಿ ಆ ಕಡೆ ಇಳಿಯುವ ಆಕಾರ. ಇಲ್ಲಿಯ ಸಹ್ಯಾದ್ರಿ ಹಾಗಿಲ್ಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಲೋಣಾವಳ ಅದಕ್ಕಿಂತ ಸ್ವಲ್ಪ ಮೇಲೆ, ಸುಮಾರು 620 ಮೀಟರ್. ಅಂದ್ರೆ ಪುಣೆಯಿಂದ ಲೋಣಾವಳದ ತನಕ ಹತ್ತಿದ್ದೇ ಗೊತ್ತಾಗಲ್ಲ. ಆಮೇಲೆ ಕೆಲವೇ ಕಿಲೋಮೀಟರಿನಲ್ಲಿ ಐನೂರು ಮೀಟರಿಗಿಂತ ಹೆಚ್ಚು ಇಳಿದು ಖೋಪೋಲಿ, ಕರ್ಜತ್ ಮುಟ್ತೀವಿ. ಮನೆಯ ಮಾಳಿಗೆ ಮೇಲೆ ಆರಾಮಾಗಿ ನಡ್ಕೊಂಡು ಹೋಗಿ ಅಂಚಿನಲ್ಲಿ ನಿಂತ ಹಾಗೆ.

ಯಾಕೆ ಹೀಗೆ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾಯ್ತು. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲು, ಎರೆಮಣ್ಣು ಎಲ್ಲ ಅದರದ್ದೇ ವಿಸ್ತಾರ. ಈ ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ನಿಧಾನವಾಗಿ ಇಳಿಜಾರು, ಪಶ್ಚಿಮದ ಅಂಚು ಮಾತ್ರ ಕಡಿದಾಗಿದೆ.

ಅದರಿಂದ ಒಂದು ವಿಚಿತ್ರ ಆಗುತ್ತೆ. ಲೋಣಾವಳದ ಹತ್ತಿರ ಇಂದ್ರಾಯಣಿ ಹುಟ್ಟುತ್ತೆ. ಅಲ್ಲಿಂದ ಅರಬ್ಬಿ ಸಮುದ್ರ ನೂರು ಕಿಲೋಮೀಟರೂ ಇಲ್ಲ. ಆದರೆ ಆ ನೀರು ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತೆ. ದೇಹು, ಆಳಂದಿ ದಾಟಿ ತುಳಾಪುರದಲ್ಲಿ ಭೀಮೆ ಸೇರುತ್ತೆ. ಭೀಮೆ ಪಂಢರಪುರ ದಾಟಿ ಕರ್ನಾಟಕಕ್ಕೆ ಬಂದು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಲ ಸವರಿಕೊಂಡು ರಾಯಚೂರಿನ ಹತ್ತಿರ ಕೃಷ್ಣೆಯನ್ನ ಕೂಡುತ್ತೆ. ಕೊನೆಗೆ ಬಂಗಾಳ ಕೊಲ್ಲಿ. ಲೋಣಾವಳದ ಮಳೆ ಗಾಣಗಾಪುರದ ದಂಡೆಗೆ ಬರುತ್ತೆ. ಗಾಣಗಾಪುರ ಕಡೆಯ ಜನ ಮಾತ್ರ ಅದೇ ದಾರಿಯಲ್ಲಿ ಉಲ್ಟಾ, ನೀರಿಗೆ ಎದುರಾಗಿ, ಲೋಣಾವಳ ದಾಟಿ ಮುಂಬೈಗೆ ಹೋಗ್ತಾರೆ. ನೀರು ಪೂರ್ವಕ್ಕೆ, ಜನ ಪಶ್ಚಿಮಕ್ಕೆ. ಈ ಮಾತನ್ನ ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತೆ.

ಬನವಾಸಿಯ ಸೇಠಿ

ಕಡಿದಾದ ಅಂಚಿನಲ್ಲಿ ಎಲ್ಲಿ ಇಳಿಯೋಕೆ ಸಾಧ್ಯವೋ ಅಲ್ಲೇ ವ್ಯಾಪಾರದ ದಾರಿ ಬೀಳುತ್ತೆ. ಕೆಳಗೆ ಕಲ್ಯಾಣ, ಸೋಪಾರಾ, ಚೌಲ್ ಬಂದರುಗಳು. ಮೇಲೆ ದಖ್ಖನ್ನಿನ ಪೇಟೆಗಳು. ನಡುವೆ ಒಂದಷ್ಟು ಘಾಟುಗಳು. ಅವುಗಳಲ್ಲಿ ಹೆಸರಾದದ್ದು ಜುನ್ನರ ಹತ್ತಿರದ ನಾಣೇಘಾಟ. ಅಲ್ಲಿ ಶಾತವಾಹನ ರಾಣಿ ನಾಗಣಿಕೆಯ ಕಾಲದ ಬ್ರಾಹ್ಮಿ ಶಾಸನ ಇದೆ. ಯಜ್ಞಗಳಲ್ಲಿ ಕೊಟ್ಟ ದಾನದ ಲೆಕ್ಕ ಅದರಲ್ಲಿದೆ, ನಾವು ಇವತ್ತು ಬಳಸುವ ಅಂಕಿಗಳ ಪೂರ್ವರೂಪಗಳನ್ನ ಅಲ್ಲಿ ನೋಡಬಹುದು. ಘಾಟಿನ ತಲೆಯಲ್ಲಿ ಒಂದು ದೊಡ್ಡ ಕಲ್ಲಿನ ಕೊಳಗ ಇದೆ, ಜಕಾತಿ ನಾಣ್ಯ ಅದರಲ್ಲಿ ಹಾಕಿಸ್ತಿದ್ರು ಅಂತ ಪ್ರತೀತಿ. ಫಾಸ್ಟ್ಯಾಗಿನ ಮುತ್ತಜ್ಜ ಅನ್ನಿ.

ಬೋರಘಾಟದ ಮೇಲ್ಬದಿಯಲ್ಲಿ ಇರೋದು ಕಾರ್ಲೆ, ಭಾಜೆ, ಬೇಡಸೆ ಗುಹೆಗಳು. ವ್ಯಾಪಾರಿಗಳ ತಂಡಗಳು ಹಾಯುವ ದಾರಿಯಲ್ಲೇ ಬೌದ್ಧ ವಿಹಾರಗಳು ಇದ್ದದ್ದು ಆಕಸ್ಮಿಕ ಅಲ್ಲ. ದಾರಿಹೋಕರಿಗೆ ತಂಗುದಾಣ, ಭಿಕ್ಷುಗಳಿಗೆ ದಾನ. ಕಾರ್ಲೆಯ ದೊಡ್ಡ ಚೈತ್ಯ ಸುಮಾರು 45 ಮೀಟರ್ ಉದ್ದ. ಭಾರತದಲ್ಲಿ ಬಂಡೆ ಕೊರೆದು ಮಾಡಿದ ಚೈತ್ಯಗಳಲ್ಲೇ ದೊಡ್ಡದು. ಎರಡು ಸಾವಿರ ವರ್ಷದ ಹಿಂದಿನ ಮರದ ತೊಲೆಗಳು ಅದರ ಕಮಾನಿನಲ್ಲಿ ಇನ್ನೂ ಇವೆ.

ನಮಗೆ ಮುಖ್ಯವಾದದ್ದು ಬಾಗಿಲ ಹತ್ತಿರದ ಒಂದು ಸಾಲಿನ ಶಾಸನ. ಅದರ ಸಾರ ಇಷ್ಟು: ವೈಜಯಂತಿಯ ಭೂತಪಾಲ ಅನ್ನೋ ಸೇಠಿ ಈ ಕಲ್ಲುಮನೆಯನ್ನ ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮ. ವೈಜಯಂತಿ ಅಂದ್ರೆ ಉತ್ತರ ಕನ್ನಡದ ಬನವಾಸಿ ಅಂತ ಬಹಳಷ್ಟು ವಿದ್ವಾಂಸರು ಗುರುತಿಸ್ತಾರೆ. ಮುಂದೆ ಕದಂಬರ ರಾಜಧಾನಿ ಆಯ್ತಲ್ಲ, ಅದೇ ಬನವಾಸಿ. ಸುಮಾರು ಐನೂರು ಕಿಲೋಮೀಟರ್ ದೂರದ ಸೇಠಿ ಬೋರಘಾಟದ ತಲೆಯ ಮೇಲೆ ಬಂದು ದುಡ್ಡು ಹಾಕಿದಾನೆ ಅಂದ್ರೆ, ಈ ದಾರಿ ಅವನ ಕಡೆಯವರಿಗೆ ಗೊತ್ತಿದ್ದ ದಾರಿ. ಒಳಗಿನ ಕಂಬಗಳಲ್ಲಿ ಬೇರೆ ದಾನಿಗಳ ಹೆಸರುಗಳೂ ಇವೆ, ತಮ್ಮನ್ನ 'ಯವನ' ಅಂತ ಹೇಳಿಕೊಂಡವರೂ ಅದರಲ್ಲಿ ಇದ್ದಾರೆ.

ದುಡ್ಡು ಕೊಟ್ಟವನ ಹೆಸರು ಎರಡು ಸಾವಿರ ವರ್ಷ ಉಳೀತು. ಆ ಬಂಡೆಯನ್ನ ಉಳಿ ಹಿಡಿದು ವರ್ಷಾನುಗಟ್ಟಲೆ ಕೊರೆದ ಕೈಗಳಲ್ಲಿ ಹೆಚ್ಚಿನವುಗಳ ಹೆಸರು ಉಳೀಲಿಲ್ಲ. ಈ ವಿನ್ಯಾಸ ಮುಂದೆಯೂ ಪದೇ ಪದೇ ಕಾಣುತ್ತೆ.

ಎತ್ತಿನ ಬೆನ್ನ ಮೇಲಿನ ಘಾಟ

ಕಿರಿದಾದ ದಾರಿ ವ್ಯಾಪಾರಕ್ಕೆ ಅನಿವಾರ್ಯ, ಸೈನ್ಯಕ್ಕೆ ಅಪಾಯ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಎಲ್ಲ ಸಂಚಾರವೂ ಒಂದೇ ಪೋರ್ಟಿನಲ್ಲಿ ಹಾದುಹೋಗಬೇಕು, ಅದನ್ನ ಮುಚ್ಚಿದ್ರೆ ಮುಗೀತು. ಲೋಹಗಡ, ವಿಸಾಪುರ, ರಾಜಮಾಚಿ ಕೋಟೆಗಳು ಇರೋದು ಈ ದಾರಿಯ ಕಾವಲಿಗೇ. 1661ರ ಫೆಬ್ರುವರಿಯಲ್ಲಿ ಮೊಗಲರ ಸರದಾರ ಕಾರ್ತಲಬ್ ಖಾನ್ ಲೋಣಾವಳದ ಹತ್ತಿರದ ಇನ್ನೊಂದು ಕಾಡುದಾರಿಯಲ್ಲಿ ಕೊಂಕಣಕ್ಕೆ ಇಳಿಯೋಕೆ ಹೋದ. ಕೆಳಗೆ ಉಂಬರಖಿಂಡಿಯ ಕಣಿವೆಯಲ್ಲಿ ಶಿವಾಜಿಯ ಪಡೆ ಹಿಂದೆ ಮುಂದೆ ಎರಡೂ ಕಡೆ ದಾರಿ ಕಟ್ಟಿತು. ದೊಡ್ಡ ಸೈನ್ಯ ಇದ್ದೂ ಕೈಲಾಗದೆ, ಸಾಮಾನು ಸರಂಜಾಮು ಒಪ್ಪಿಸಿ ಖಾನ್ ಜೀವ ಉಳಿಸಿಕೊಂಡ. 1779ರ ಜನವರಿಯಲ್ಲಿ ಮುಂಬೈಯಿಂದ ಇದೇ ಬೋರಘಾಟ ಹತ್ತಿ ಪುಣೆ ಕಡೆ ಹೊರಟ ಇಂಗ್ಲಿಷ್ ಸೈನ್ಯ ವಡಗಾಂವದಲ್ಲಿ ಮರಾಠರಿಗೆ ಶರಣಾಯ್ತು. ತೋಪು ಎಳೆದುಕೊಂಡು ಘಾಟ ಹತ್ತೋದೇ ಅವರಿಗೆ ಅರ್ಧ ಯುದ್ಧ ಆಗಿತ್ತು.

ಆ ಕಾಲದಲ್ಲಿ ಚಕ್ರದ ಗಾಡಿ ಈ ಘಾಟಿನಲ್ಲಿ ನಡೀತಿರಲಿಲ್ಲ ಅಂತಲೇ ಹೇಳಬೇಕು. ಸರಕು ಹೋಗ್ತಿದ್ದದ್ದು ಎತ್ತಿನ ಬೆನ್ನ ಮೇಲೆ, ಎರಡೂ ಬದಿಗೆ ಗೋಣಿ ಹೇರಿ. ಆ ಹೇರೆತ್ತುಗಳ ಒಡೆಯರು ಬಂಜಾರರು, ನಮ್ಮ ಕಡೆ ಲಂಬಾಣಿಗಳು ಅಂತೀವಲ್ಲ, ಅವರು. ಕಾಳುಕಡಿ, ಉಪ್ಪು ಹೊತ್ತು ಸಾವಿರಾರು ಎತ್ತುಗಳ ತಾಂಡಾ ದಖ್ಖನ್ ಪೂರ್ತಿ ಓಡಾಡ್ತಿತ್ತು. ಮೊಗಲರಿಗೂ, ಮರಾಠರಿಗೂ, ಇಂಗ್ಲಿಷರಿಗೂ ಸೈನ್ಯಕ್ಕೆ ಅನ್ನ ತಲುಪಿಸಿದ್ದು ಇವರೇ. 1803ರ ಮರಾಠಾ ಯುದ್ಧದಲ್ಲಿ ಜನರಲ್ ವೆಲ್ಲೆಸ್ಲಿ, ಅಂದ್ರೆ ಮುಂದೆ ವಾಟರ್ಲೂ ಗೆದ್ದವನು, ಬಂಜಾರರ ಎತ್ತುಗಳನ್ನ ನೆಚ್ಚಿಕೊಂಡೇ ದಂಡೆತ್ತಿ ಹೋದ.

ಇಲ್ಲೊಂದು ಸಣ್ಣ ಲೆಕ್ಕ. ಒಂದು ಎತ್ತು ನೂರು, ನೂರಿಪ್ಪತ್ತು ಕಿಲೋ ಹೊರುತ್ತೆ ಅಂತ ಇಟ್ಕೊಳ್ಳಿ. 300 ಟನ್ ಸರಕು ಸಾಗಿಸೋಕೆ ಎರಡೂವರೆ, ಮೂರು ಸಾವಿರ ಎತ್ತು ಬೇಕು. ಅಷ್ಟು ಎತ್ತು, ಅವುಗಳ ಹಿಂದೆ ಅಷ್ಟು ಸಂಸಾರ, ಅಷ್ಟು ಜನರ ಬದುಕು. ಅದೇ 300 ಟನ್ನನ್ನ ಒಂದು ಗೂಡ್ಸ್ ಗಾಡಿ ಒಂದೇ ದಿನದಲ್ಲಿ ಸಾಗಿಸಿದ್ರೆ ಆ ಸಂಸಾರಗಳ ಗತಿ ಏನು? ಈ ಪ್ರಶ್ನೆಯನ್ನ ಇಲ್ಲೇ ಬಿಟ್ಟು ಮುಂದೆ ಹೋಗೋಣ.

37ಕ್ಕೆ ಒಂದು

ಚಕ್ಕಡಿ, ಸಾರೋಟು ಹೋಗುವಂಥ ರಸ್ತೆ ಬೋರಘಾಟದಲ್ಲಿ ತೆರೆದದ್ದು 1830ರ ನವೆಂಬರ್‌ನಲ್ಲಿ, ಮುಂಬೈ ಗವರ್ನರ್ ಜಾನ್ ಮಾಲ್ಕಮ್ ಕಾಲದಲ್ಲಿ. 1853ರಲ್ಲಿ ಮುಂಬೈ–ಠಾಣೆ ನಡುವೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಅದನ್ನ ನಡೆಸಿದ ಜಿಐಪಿ ರೈಲ್ವೆ ಕಂಪನಿಯ ಹಿಂದೆ ನಿಂತ ಭಾರತೀಯರಲ್ಲಿ ಒಬ್ಬರು ಜಗನ್ನಾಥ ಶಂಕರಶೇಟ್. ಸ್ವಾರಗೇಟದಿಂದ ಪೂರ್ವಕ್ಕೆ ಹೋಗುವ ಶಂಕರಶೇಟ್ ರಸ್ತೆಯಲ್ಲಿ ಓಡಾಡುವವರು ದಿನಾ ಹೇಳೋದು ಅವರ ಹೆಸರೇ.

1858ರ ಜೂನ್‌ನಲ್ಲಿ ಖಂಡಾಳದಿಂದ ಪುಣೆಗೆ ರೈಲು ಶುರುವಾಯ್ತು. ಕೆಳಗೆ ಮುಂಬೈಯಿಂದ ಖೋಪೋಲಿ ತನಕ ರೈಲು ಇತ್ತು. ನಡುವೆ ಘಾಟಿನಲ್ಲಿ ಹಳಿ ಇಲ್ಲ! ಐದು ವರ್ಷ ಕಾಲ ಜನ ಖೋಪೋಲಿಯಲ್ಲಿ ಇಳಿದು, ಮೇಣೆ, ತಟ್ಟು, ಚಕ್ಕಡಿ ಹಿಡಿದು ಘಾಟ ಹತ್ತಿ, ಖಂಡಾಳದಲ್ಲಿ ಮತ್ತೆ ರೈಲು ಹತ್ತಬೇಕಿತ್ತು.

ಯಾಕೆ ಅಷ್ಟು ಕಷ್ಟ ಆಯ್ತು? ರೈಲಿನ ಬಲವೇ ಅದರ ದೌರ್ಬಲ್ಯ. ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಬಹಳ ಕಡಿಮೆ ಘರ್ಷಣೆಯಲ್ಲಿ ಉರುಳುತ್ತೆ. ಸಮತಟ್ಟು ಹಳಿ ಮೇಲೆ ಒಂದು ಟನ್ ಎಳೆಯೋಕೆ ಕೆಲವೇ ಕಿಲೋ ಬಲ ಸಾಕು. ಆದರೆ ಏರಿನಲ್ಲಿ ಅದೇ ನುಣುಪು ಕೈಕೊಡುತ್ತೆ, ಚಕ್ರ ಜಾರುತ್ತೆ. ಬೋರಘಾಟದಲ್ಲಿ ಹಾಕಿದ ಅತಿ ಹೆಚ್ಚಿನ ಏರು 37ಕ್ಕೆ 1. ಅಂದ್ರೆ 37 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ, ನಮ್ಮ ಬೈಕು ಗೇರ್ ಕೂಡ ಬದಲಿಸಲ್ಲ. ಆದರೆ 1000 ಟನ್ನಿನ ಗಾಡಿಗೆ ಆ ಏರಿನಲ್ಲಿ ಬರೀ ಗುರುತ್ವವನ್ನ ಎದುರಿಸೋಕೇ 1000 ಭಾಗಿಸು 37, ಅಂದ್ರೆ 27 ಟನ್ ಎಳೆತ ಬೇಕು. ಸಮತಟ್ಟಿಗೆ ಹೋಲಿಸಿದ್ರೆ ಎಷ್ಟೋ ಪಟ್ಟು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನ ಹಳಿ 50ಕ್ಕೆ 1. ಕ್ಯಾಸಲ್‌ರಾಕ್‌ನಿಂದ ದೂಧಸಾಗರ ಮೇಲೆ ಗೋವಾಕ್ಕೆ ಇಳಿಯೋ ಹಳಿ ಇದರ ಹಾಗೇ 37ಕ್ಕೆ 1.

ಅದಕ್ಕೇ ಇವತ್ತಿಗೂ ಮುಂಬೈಯಿಂದ ಬರುವ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳೋಕೆ ಹೆಚ್ಚುವರಿ ಎಂಜಿನ್ ಕಟ್ತಾರೆ. ಅದಕ್ಕೆ ಬ್ಯಾಂಕರ್ ಅಂತಾರೆ. ಆ ಕೆಲವು ನಿಮಿಷದಲ್ಲೇ ಪ್ಲಾಟ್‌ಫಾರ್ಮಿನ ವಡಾಪಾವ್ ಖಾಲಿ ಆಗೋದು! ಇಳಿಯುವಾಗ ಭಯ ಬೇರೆ ಥರದ್ದು, ಬ್ರೇಕ್ ಹಿಡಿಯದಿದ್ರೆ ಏನು ಗತಿ ಅನ್ನೋದು. ಅದಕ್ಕೆ ಮುಖ್ಯ ಹಳಿಯಿಂದ ಕವಲೊಡೆದು ಏರಿನ ಕಡೆ ಹೋಗುವ ಕ್ಯಾಚ್ ಸೈಡಿಂಗ್ ಇರುತ್ತೆ. ಹಿಡಿತ ತಪ್ಪಿದ ಗಾಡಿ ಅದರ ಮೇಲೆ ಹತ್ತಿ ತಾನಾಗೇ ನಿಲ್ಲಲಿ ಅಂತ.

1863ರ ಹಳಿಯಲ್ಲಿ ಇನ್ನೊಂದು ಉಪಾಯ ಇತ್ತು. ಬೆಟ್ಟದ ಏಣು ಎಷ್ಟು ಕಿರಿದು ಅಂದ್ರೆ ಹಳಿಯನ್ನ ಬಳಸಿ ತಿರುಗಿಸೋಕೆ ಜಾಗವೇ ಇರಲಿಲ್ಲ. ಹಾಗಾಗಿ ಗಾಡಿ ನೇರ ಹೋಗಿ ಒಂದು ಕುರುಡು ತುದಿಯಲ್ಲಿ ನಿಲ್ಲುತ್ತಿತ್ತು. ಎಂಜಿನ್ ಬಿಚ್ಚಿ ಇನ್ನೊಂದು ಕೊನೆಗೆ ಕಟ್ತಿದ್ರು. ಆಮೇಲೆ ಹಿಂದಿನದು ಮುಂದಾಗಿ, ಇನ್ನೊಂದು ದಿಕ್ಕಿಗೆ ಏರುತ್ತಿತ್ತು. ರಿವರ್ಸಿಂಗ್ ಸ್ಟೇಷನ್ ಅಂತ ಅದಕ್ಕೆ ಹೆಸರು. 1929ರಲ್ಲಿ ವಿದ್ಯುದೀಕರಣದ ಹೊತ್ತಿಗೆ ಹೊಸ ಸುರಂಗ ಕೊರೆದು ಅದನ್ನ ಕೈಬಿಟ್ಟರು. ಮರುವರ್ಷ, 1930ರ ಜೂನ್ 1ಕ್ಕೆ, ಡೆಕ್ಕನ್ ಕ್ವೀನ್ ಶುರುವಾಯ್ತು.

ಕಟ್ಟಿದವರು

ಘಾಟಿನ ಹಳಿಯ ಕೆಲಸ ಶುರುವಾದದ್ದು 1856ರ ಜನವರಿಯಲ್ಲಿ, ಮುಗಿದದ್ದು 1863ರ ಏಪ್ರಿಲ್ 21ರಂದು. ಉದ್ದ ಸುಮಾರು 25 ಕಿಲೋಮೀಟರ್, ಏರು 1,831 ಅಡಿ, 25 ಸುರಂಗ, 8 ದೊಡ್ಡ ಕಲ್ಲುಸೇತುವೆ. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್‌ಲಿ. ಮೊದಲ ಗುತ್ತಿಗೆದಾರ ಫೇವಿಯಲ್. 1859ರ ಜನವರಿಯಲ್ಲಿ ಕೂಲಿ ಸರಿಯಾಗಿ ಸಿಗಲಿಲ್ಲ ಅಂತ ಕೆಲಸಗಾರರು ದಂಗೆ ಎದ್ದರು. ಆ ವರ್ಷವೇ ಅವನು ಗುತ್ತಿಗೆ ಬಿಟ್ಟ. ಆಮೇಲೆ ಬಂದ ಸಾಲಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಕೆಲವೇ ವಾರದಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗುತ್ತಿಗೆ ಕೈಬಿಡದೆ, ಎಂಜಿನಿಯರುಗಳನ್ನ ಇಟ್ಟು ಕೆಲಸ ಮುಗಿಸಿದಳು. ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬ ಹೆಂಗಸು ಅಂಥ ಗುತ್ತಿಗೆ ನಡೆಸಿದ್ದು ದೊಡ್ಡ ಮಾತು, ಅದನ್ನ ಇತಿಹಾಸ ನೆನಪಿಟ್ಟಿದೆ.

ಆದರೆ ಕೆಲಸ ಜೋರಾಗಿದ್ದ 1861ರಲ್ಲಿ ಆ ಬೆಟ್ಟದಲ್ಲಿ ಸುಮಾರು 42,000 ಜನ ದುಡೀತಿದ್ರು. ಹೆಂಗಸರು, ಮಕ್ಕಳು ಸೇರಿ. ಬಂಡೆಗೆ ಕೈಯಿಂದ ತೂತು ಕೊರೆದು, ಮದ್ದು ತುಂಬಿ, ಸಿಡಿಸಿ, ಬುಟ್ಟಿಯಲ್ಲಿ ಹೊತ್ತು ಹಾಕಬೇಕು. ಕೆಲವು ಕಡೆ ಕೆಲಸಗಾರರನ್ನ ಹಗ್ಗ ಕಟ್ಟಿ ಬಂಡೆಯ ಮುಖಕ್ಕೆ ಇಳಿಬಿಡ್ತಿದ್ರು. ಕಾಲರಾ ಬಂದ್ರೆ ಶಿಬಿರಕ್ಕೆ ಶಿಬಿರವೇ ಖಾಲಿ. ಸತ್ತವರು ಸಾವಿರ ಸಾವಿರ ಲೆಕ್ಕದಲ್ಲಿ. ದಖ್ಖನ್ನಿನ ರೈಲು ಕೆಲಸಗಳಲ್ಲಿ ಕಲ್ಲು ಒಡೆಯೋಕೆ, ಮಣ್ಣು ಹೊರೋಕೆ ಹೆಸರಾದವರು ವಡ್ಡರು, ಇವತ್ತು ಭೋವಿ ಅಂತ ಕರೀತೀವಲ್ಲ, ಆ ಸಮುದಾಯ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರ ಮೂರೂ ಕಡೆ ಹರಡಿದ ಜನ. ರೈಲು ಹಳಿ ಎಲ್ಲಿ ಹೋಯ್ತೋ ಅವರ ಗುಡಿಸಲು ಅದರ ಮುಂದೆ ಮುಂದೆ ಹೋಯ್ತು.

ಗವರ್ನರ್ ಬಾರ್ಟಲ್ ಫ್ರೇರ್ ಬಂದು ಉದ್ಘಾಟನೆ ಮಾಡಿದರು. ನಾಲ್ಕೇ ವರ್ಷಕ್ಕೆ, 1867ರ ಜುಲೈನಲ್ಲಿ, ಆ ದೊಡ್ಡ ಸೇತುವೆಗಳಲ್ಲಿ ಒಂದು ಕುಸಿದುಬಿತ್ತು. ಅದನ್ನ ಮತ್ತೆ ಕಟ್ಟಿದ್ದೂ ಹೆಸರಿಲ್ಲದ ಕೈಗಳೇ.

ಜನರ ನೆನಪು ಮಾತ್ರ ಬೇರೆ ದಾರಿ ಹಿಡಿದಿದೆ. ಹಳೇ ಮುಂಬೈ–ಪುಣೆ ರಸ್ತೆಯ ಘಾಟಿನಲ್ಲಿ ಶಿಂಗ್ರೋಬಾ ಅಂತ ಒಂದು ಗುಡಿ ಇದೆ. ಶಿಂಗ್ರೋಬಾ ಒಬ್ಬ ಧನಗರ, ನಮ್ಮ ಕುರುಬರ ಹಾಗೆ ಕುರಿ ಕಾಯೋನು. ಸಾಹೇಬರಿಗೆ ಬೆಟ್ಟದ ದಾರಿ ತೋರಿಸಿದ್ದೇ ಅವನು, ಆಮೇಲೆ ಅವರೇ ಅವನನ್ನ ಕೊಂದರು ಅಂತ ಕತೆ. ಈಗಲೂ ಡ್ರೈವರುಗಳು ಅಲ್ಲಿ ನಾಣ್ಯ ಹಾಕಿ, ಕೈಮುಗಿದು ಹೋಗ್ತಾರೆ. ಕತೆಗೆ ದಾಖಲೆ ಕೇಳಬೇಡಿ. ಘಾಟಿನ ಕೀರ್ತಿ ಯಾರಿಗೆ ಸಲ್ಲಬೇಕು ಅಂತ ಜನ ಕೊಟ್ಟ ತೀರ್ಪು ಅದು ಅಂತ ನಾನು ತಿಳೀತೀನಿ.

ಹಳಿ ಬಂದ ಮೇಲೆ

ಘಾಟಿನ ಗಂಟು ಬಿಚ್ಚಿದ ಮೇಲೆ ಹಳಿ ಪೂರ್ವಕ್ಕೆ ಓಡಿತು. 1871ರ ಹೊತ್ತಿಗೆ ಸೋಲಾಪುರ, ಕಲಬುರಗಿ, ವಾಡಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯ ಹಳಿಯನ್ನ ಕೂಡಿತು. ಆಮೇಲೆ ಬಂದದ್ದು 1876–78ರ ದೊಡ್ಡ ಬರ. ವಿಜಯಪುರ ಸೀಮೆ ಅದರಲ್ಲಿ ಬೆಂದು ಹೋಯ್ತು. ಅಂಥ ಸೀಮೆಗೆ ಕಾಳು ತಲುಪಿಸೋಕೆ ರೈಲು ಬೇಕು ಅಂತ 1880ರ ದಶಕದಲ್ಲಿ ಸೋಲಾಪುರದ ಪಕ್ಕದ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ ಮೇಲೆ ಗದಗಕ್ಕೆ ಹಳಿ ಹಾಕಿದರು.

ಹಳಿ ಎರಡೂ ಕಡೆ ಓಡುತ್ತೆ. ಕಾಳು ಒಳಗೆ ಬರಲಿ ಅಂತ ಹಾಕಿದ ಹಳಿಯಲ್ಲಿ ಜನ ಹೊರಗೆ ಹೋದರು. ಮುಂಬೈಯ ಗಿರಣಿ, ಗೋದಿ, ಕಟ್ಟಡ ಕೆಲಸ ಕರೀತಿತ್ತು. ಕರಾವಳಿಯ ಕನ್ನಡಿಗರು, ತುಳುವರು ಮುಂಬೈಗೆ ಹೋದದ್ದು ಬಹುಮಟ್ಟಿಗೆ ಮಂಗಳೂರಿನಿಂದ ಹಡಗು ಹತ್ತಿ. ಅವರ ಹೋಟೆಲಿನ ಕತೆ ನಮಗೆಲ್ಲ ಗೊತ್ತು. ಬಯಲುಸೀಮೆಯವರು ಹೋದದ್ದು ಬೋರಘಾಟ ಇಳಿದು. ಅವರ ಕತೆಗೆ ಬೋರ್ಡ್ ಹಾಕಿದ ಹೋಟೆಲು ಇಲ್ಲ. ಅವರು ಕಟ್ಟಿದ ಗೋಡೆ, ಅಗೆದ ರಸ್ತೆ ಇದೆ.

ಮುಂಚೆ ಬಿಟ್ಟ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತೆ. ರಸ್ತೆ, ರೈಲು ಬಂದ ಮೇಲೆ ಲಂಬಾಣಿಗಳ ಹೇರೆತ್ತಿನ ವ್ಯಾಪಾರ ಮುಗೀತು. ಸೈನ್ಯಗಳಿಗೆ ಅನ್ನ ಹೊತ್ತವರ ಮೊಮ್ಮಕ್ಕಳು ತಾಂಡಾಗಳಲ್ಲಿ ನೆಲೆ ನಿಂತರು. ಮಳೆ ಹೋದ ವರ್ಷ ಕಬ್ಬು ಕಡಿಯೋಕೆ, ಇಟ್ಟಿಗೆ ಹೊರೋಕೆ, ಪುಣೆ, ಮುಂಬೈ, ಗೋವಾ ಅಂತ ಹೊರಟರು. ದಾರಿಯನ್ನ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಜನ, ಅದೇ ದಾರಿಯಲ್ಲಿ ಕೂಲಿಗಳಾಗಿ ಮತ್ತೆ ಬಂದರು.

ಅಮೆರಿಕದ ಜೊತೆ ಒಂದು ಹೋಲಿಕೆ ಮಾಡ್ತೀನಿ. ಅಪಲೇಷಿಯನ್ ಬೆಟ್ಟಗಳಲ್ಲಿ ಕಂಬರ್ಲೆಂಡ್ ಗ್ಯಾಪ್ ಅಂತ ಒಂದು ಕಣಿವೆದಾರಿ ಇದೆ. 1775ರಲ್ಲಿ ಡೇನಿಯಲ್ ಬೂನ್ ಅಲ್ಲಿ ಹಾದಿ ಕಡಿಸಿದ ಮೇಲೆ, 1810ರ ಹೊತ್ತಿಗೆ ಎರಡು ಲಕ್ಷಕ್ಕಿಂತ ಹೆಚ್ಚು ಜನ ಅದನ್ನ ದಾಟಿ ಪಶ್ಚಿಮಕ್ಕೆ ಹೋಗಿ ನೆಲೆಸಿದರು. ಅವರನ್ನ ಅಲ್ಲಿ ಧೀರರು ಅಂತ ಹಾಡಿ ಹೊಗಳ್ತಾರೆ. ಅವರು ಹೋದದ್ದು ಜಮೀನಿಗಾಗಿ. ಆ ಜಮೀನು ಚೆರೋಕಿ, ಶಾನಿ ಮೊದಲಾದ ಮೂಲನಿವಾಸಿಗಳ ನೆಲ ಅನ್ನೋದು ಕತೆಯ ಇನ್ನೊಂದು ಮುಖ. ನಮ್ಮವರು ಪಶ್ಚಿಮಕ್ಕೆ ಹೋದದ್ದು ಜಮೀನು ಹಿಡಿಯೋಕಲ್ಲ. ಊರಲ್ಲಿದ್ದ ತುಂಡು ಜಮೀನು ಉಳಿಸಿಕೊಳ್ಳೋಕೆ, ಅದರ ಮೇಲಿನ ಸಾಲ ತೀರಿಸೋಕೆ. ಅದಕ್ಕೇ ಅವರು ಪೂರ್ತಿ ನೆಲೆಸಲೂ ಇಲ್ಲ, ಪೂರ್ತಿ ಮರಳಲೂ ಇಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸು, ಗದಗ ಗಾಡಿ ಹಿಡಿದು ಬಿತ್ತನೆಗೆ, ಜಾತ್ರೆಗೆ, ಮದುವೆಗೆ ಓಡಾಡುತ್ತಲೇ ಇದ್ದಾರೆ.

ನೀರೂ ಪಶ್ಚಿಮಕ್ಕೆ

ಈಗ ಆ ನೀರಿನ ಮಾತು. ಪೂರ್ವಕ್ಕೆ ಹರಿಯುವ ನೀರನ್ನ ಲೋಣಾವಳದಲ್ಲೇ ಕಟ್ಟೆ ಕಟ್ಟಿ ತಡೆದು, ಪಶ್ಚಿಮದ ಅಂಚಿನಿಂದ ಕೊಳವೆಯಲ್ಲಿ ಕೆಳಗೆ ಬಿಟ್ರೆ? ಐನೂರು ಮೀಟರ್ ಮೇಲಿಂದ ಬೀಳುವ ನೀರಿನಲ್ಲಿ ಭಾರಿ ಶಕ್ತಿ ಇರುತ್ತೆ. ಟಾಟಾ ಕಂಪನಿ ಅದನ್ನೇ ಮಾಡಿತು. 1915ರಲ್ಲಿ ಖೋಪೋಲಿಯ ಜಲವಿದ್ಯುತ್ ಕೇಂದ್ರ ಶುರುವಾಯ್ತು, ಮುಂಬೈಯ ಗಿರಣಿಗಳು ಆ ಕರೆಂಟಿನಲ್ಲಿ ತಿರುಗಿದವು. ನಮ್ಮ ಜನ ದುಡಿದ ಗಿರಣಿ ತಿರುಗಿಸಿದ್ದು, ಹಾಗೇ ಬಿಟ್ಟಿದ್ರೆ ನಮ್ಮ ಊರಿನ ಕಡೆ ಬರಬೇಕಿದ್ದ ನೀರು! ಮುಂದೆ ಮುಳಶಿಯಲ್ಲಿ ಇಂಥದೇ ಅಣೆಕಟ್ಟಿಗೆ ಹಳ್ಳಿಗಳು ಮುಳುಗುವಾಗ 1921ರಿಂದ ಸೇನಾಪತಿ ಬಾಪಟರ ನೇತೃತ್ವದಲ್ಲಿ ರೈತರು ಸತ್ಯಾಗ್ರಹ ಮಾಡಿದರು. ಕೃಷ್ಣಾ ಕೊಳ್ಳದ ನೀರನ್ನ ಹೀಗೆ ಪಶ್ಚಿಮಕ್ಕೆ ತಿರುಗಿಸುವ ಪ್ರಶ್ನೆ ಬಚಾವತ್ ನ್ಯಾಯಾಧಿಕರಣದ ಮುಂದೆಯೂ ಬಂತು. ಅಂದ್ರೆ ಘಾಟಿನ ಅಂಚಿನಲ್ಲಿ ತೆಗೆದುಕೊಂಡ ನಿರ್ಧಾರಕ್ಕೆ ನೂರಾರು ಕಿಲೋಮೀಟರ್ ಕೆಳಗಿನ ಭೀಮಾ ತೀರದವರೂ ಪಾಲುದಾರರು. ಅವರನ್ನ ಕೇಳಿದವರು ಯಾರೂ ಇರಲಿಲ್ಲ.

ಇವತ್ತು

ಬೋರಘಾಟದ ಅಗಲ ಹೆಚ್ಚಿಸೋ ಕೆಲಸ ನಿಂತಿಲ್ಲ. 2002ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿ ಆಯ್ತು. ಜಾಹೀರಾತಿನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದ ಬ್ರಿಟಿಷ್ ಕಾಲದ ಅಮೃತಾಂಜನ ಸೇತುವೆಯನ್ನ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಲ್ಲಿ ರಸ್ತೆ ಖಾಲಿ ಇದ್ದಾಗ, ಸಿಡಿಸಿ ಕೆಡವಿದರು. ಘಾಟಿನ ತಿರುವುಗಳನ್ನ ತಪ್ಪಿಸೋಕೆ 'ಮಿಸ್ಸಿಂಗ್ ಲಿಂಕ್' ಅಂತ ಸುಮಾರು 13 ಕಿಲೋಮೀಟರಿನ ಹೊಸ ದಾರಿ ಕೈಗೆತ್ತಿಕೊಂಡರು. ಅದರಲ್ಲಿ ಒಂದು ಸುರಂಗವೇ ಸುಮಾರು 9 ಕಿಲೋಮೀಟರ್. 1858ರಲ್ಲೂ ಇದೇ ಘಾಟಿನಲ್ಲಿ ಕೊಂಡಿ ತಪ್ಪಿತ್ತು, ಮೇಣೆ ಹೊರುವವರು ಅದನ್ನ ತುಂಬ್ತಿದ್ರು.

ಎಂಜಿನಿಯರ್ ಆಗಿ ನನಗೆ ಇದೆಲ್ಲ ಖುಷಿ ಕೊಡೋ ಸಂಗತಿಗಳೇ. 37ಕ್ಕೆ 1ರ ಲೆಕ್ಕ, ರಿವರ್ಸಿಂಗ್ ಸ್ಟೇಷನ್ನಿನ ಚಾಣಾಕ್ಷತನ, ಬೀಳುವ ನೀರಿನಿಂದ ಕರೆಂಟು: ಒಂದೊಂದೂ ಕಷ್ಟದ ಸಮಸ್ಯೆಗೆ ಚೆಂದದ ಪರಿಹಾರ. ಆದರೆ ಘಾಟ ಪ್ರತಿ ಸಲ ಅಗಲ ಆದಾಗಲೂ ಒಬ್ಬರ ಹೊರೆ ಇಳಿದು ಇನ್ನೊಬ್ಬರ ಹೆಗಲಿಗೆ ಹೋಗಿದೆ. ಎತ್ತಿನಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಕೂಲಿಯ ತಲೆಗೆ, ನದಿಯಿಂದ ಕೊಳವೆಗೆ. ಹೊರೆ ಎಲ್ಲಿಗೆ ಹೋಯ್ತು ಅಂತ ಹೇಳದ ಲೆಕ್ಕ ಅರ್ಧ ಲೆಕ್ಕ.

ಭೂತಪಾಲ ಸೇಠಿಯ ಹೆಸರು ಬಂಡೆಯಲ್ಲಿದೆ. ಮಾಲ್ಕಮ್, ಬರ್ಕ್‌ಲಿ, ಟ್ರೆಡ್‌ವೆಲ್ ಹೆಸರು ಪುಸ್ತಕದಲ್ಲಿವೆ. ಹೆಸರಿಲ್ಲದವರ ಕತೆ ಇರೋದು ಮನೆಗಳಲ್ಲಿ ಮಾತ್ರ, ಅದೂ ಇನ್ನೊಂದು ತಲೆಮಾರಿನ ತನಕ. ನಿಮ್ಮ ಮನೆಯಲ್ಲಿ ಮುಂಬೈ ಗಿರಣಿಗೋ, ಪುಣೆಯ ಕಟ್ಟಡ ಕೆಲಸಕ್ಕೋ ಹೋಗಿ ಬಂದ ಅಜ್ಜ, ಅಜ್ಜಿ, ಕಾಕಾ ಇದ್ರೆ ಕೂತು ಕೇಳಿ: ಯಾವ ವರ್ಷ, ಯಾವ ಗಾಡಿ, ಜೊತೆಗೆ ಯಾರಿದ್ರು, ಬುತ್ತಿಯಲ್ಲಿ ಏನಿತ್ತು, ಮೊದಲ ಕೂಲಿ ಎಷ್ಟು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಹತ್ತು ನಿಮಿಷದ ಕೆಲಸ, ಬಂಡೆ ಕೊರೆಯೋದಕ್ಕಿಂತ ಬಹಳ ಸುಲಭ.

ಮುಂದಿನ ವಾರ ಕಾತ್ರಜದ ಕಡೆ ಹೋಗೋಣ. ನಾನಾಸಾಹೇಬ ಪೇಶ್ವೆ ಕಾಲದಲ್ಲಿ ಕಾತ್ರಜ ಕೆರೆಯಿಂದ ಶನಿವಾರವಾಡೆಯ ತನಕ ನೆಲದಡಿಯ ಕಾಲುವೆಯಲ್ಲಿ ನೀರು ಹೇಗೆ ಬರ್ತಿತ್ತು, ಪಂಪಿಲ್ಲದೆ ಅದು ಹೇಗೆ ಸಾಧ್ಯ ಆಯ್ತು ಅಂತ ನೋಡೋಣ. ಅಲ್ಲಿಯ ತನಕ, ನಮಸ್ಕಾರ.